ಗಿಡಕ್ಕೆ ಹೆದರಿದ ಮಾಮಾ

ನಮ್ಮ ಅಕ್ಕನ ಗಂಡನಂಥ ಪುಕ್ಕಲರನ್ನು ಇಡೀ ಠಾಣೆ ಜಿಲ್ಲೆಯಲ್ಲಿ ನಾನು ಕಂಡಿಲ್ಲ. ಹೆದರಲೇಬೇಕೆಂದರೆ ಹಾವಿಲ್ಲವೇ, ಪೊಲೀಸರಿಲ್ಲವೇ, ಬೆಳಗಿನ ಫಾಸ್ಟ್ ಲೋಕಲ್ ರೈಲಿಲ್ಲವೇ? ಅವೆಲ್ಲವನ್ನೂ ಬಿಟ್ಟು ಮಾಮಾ ಸೊಂಟದೆತ್ತರದ ಒಂದು ಗಿಡಕ್ಕೆ ಹೆದರುತ್ತಿದ್ದರು!

ಎಪ್ಪತ್ತರ ದಶಕದ ಕೊನೆಯಲ್ಲಿ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಸಾಲುಮನೆಗಳ ಚಾಳುಗಳಿಗಿಂತ ಬಯಲೇ ಹೆಚ್ಚಿತ್ತು. ಆ ಬಯಲಿಗೆ ಪಾರ್ಥೇನಿಯಂ ಬಂತು. ಮರಾಠಿಯವರು ಅದಕ್ಕೆ ಗಾಜರ್ ಗವತ್, ಅಂದರೆ ಗಜ್ಜರಿ ಹುಲ್ಲು ಎಂದರು. ಅದು ಹೂ ಬಿಟ್ಟಾಗಲೆಲ್ಲ ಅಕ್ಕನಿಗೆ ಉಸಿರು ಕಟ್ಟುತ್ತಿತ್ತು. ಒಮ್ಮೆ ಅವಳ ತುಟಿ ನೀಲಿಯಾದದ್ದನ್ನು ಕಂಡ ಮೇಲೆ ಮಾಮಾ ಮೊದಲಿನ ಮನುಷ್ಯರಾಗಿ ಉಳಿಯಲಿಲ್ಲ.

ಮಳೆಗಾಲದ ರವಿವಾರಗಳೆಲ್ಲ ಯುದ್ಧಕ್ಕೆ ಮೀಸಲು. ಮೂಗಿಗೆ ಟವೆಲ್ಲು, ಕೈಗೆ ಪ್ಲಾಸ್ಟಿಕ್ ಚೀಲ. ಚಾಳಿನ ಹಿಂದಿನ ಕುರುಚಲು ಗುಡ್ಡಕ್ಕೆ, ಅವರ ಮನೆಯಲ್ಲೇ ಇದ್ದ ನನ್ನನ್ನೂ ಎಳೆದೊಯ್ಯುತ್ತಿದ್ದರು.

"ಎಲಿ ಗಜ್ಜರಿದ್ದಂಗ, ಹೂ ಸಾಬೂದಾಣಿ ಇದ್ದಂಗ. ಹೂ ಬಿಡೂದರೊಳಗ ಬೇರು ಸಮೇತ ಕೀಳಬೇಕು, ತಿಳೀತಿಲ್ಲೋ?"

"ಹಾವು ಇದ್ರ, ಮಾಮಾ?"

"ಹಾವು ತಾನ ಸರದು ಹೋಗ್ತೈತಿ. ಇದು ಹೋಗ್ತೈತೇನಲೇ?"

ಮರಳಿದ ಮೇಲೆ ಬಟ್ಟೆಯ ಸಮೇತ ಅಂಗಳದ ನಳದ ಕೆಳಗೆ ಸ್ನಾನ ಮಾಡದೆ ಮನೆಯೊಳಗೆ ಕಾಲಿಡುವಂತಿರಲಿಲ್ಲ. ಸಾವಿಗೆ ಹೋಗಿ ಬಂದವರ ಹಾಗೆ ನಾವು ತೊಯ್ದು ನಿಂತದ್ದನ್ನು ನೋಡಿ ಪಕ್ಕದ ಮನೆಯ ಕಾಕೂ ಗಾಬರಿಯಿಂದ ಕೇಳಿದರು, "ಕೋಣ್ ಗೇಲಂ?" ಯಾರು ಹೋದರು ಅಂತ.

"ಗಾಜರ್ ಗವತ್," ಎಂದರು ಮಾಮಾ, ಅಷ್ಟೇ ಗಂಭೀರವಾಗಿ.

ಹೆದರಿದವನ ಕಣ್ಣಿಗೆ ಎಲ್ಲ ಎಲೆಯೂ ಒಂದೇ. ಒಂದು ದಿನ ಅದೇ ಕಾಕೂ ಡಬ್ಬಿಗಳಲ್ಲಿ ಬೆಳೆಸಿದ್ದ ಸೇವಂತಿಗೆಯ ಸಸಿಗಳನ್ನೂ ಮಾಮಾ ಕಿತ್ತು ಸುಟ್ಟರು. ಕಾಕೂ ಆಡಿದ ಮರಾಠಿಯಲ್ಲಿ ನನಗೆ ಅರ್ಥವಾಗದ ಮಾತೇ ಹೆಚ್ಚು. ಅರ್ಥವಾಗದಿದ್ದದ್ದು ಒಳ್ಳೆಯದೇ ಆಯಿತು.

ಇಷ್ಟಕ್ಕೆಲ್ಲ ನಾನು ಲೋಕಲ್ಲಿನ ಗೆಳೆಯರೊಂದಿಗೆ ಕೂತು ನಕ್ಕಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೂವು ತುಟ್ಟಿಯಾದ ವರ್ಷವೊಂದರಲ್ಲಿ ಚಾಳಿನ ಹುಡುಗರು ಗಣಪತಿಯ ಮಂಟಪಕ್ಕೆ ಬಯಲಿನ ಬಿಳಿ ಹೂಗಳನ್ನೇ ಹೊರೆಗಟ್ಟಲೆ ತಂದು ಕಟ್ಟಿಬಿಟ್ಟರು. ನೋಡಲು ಚಂದವೇ ಇತ್ತು. ಮೇಲಿನ ಮಹಡಿಯಲ್ಲಿ ಅಕ್ಕನ ಎದೆ ಸಿಳ್ಳೆ ಹೊಡೆಯತೊಡಗಿತು. ಮಾಮಾ ಇಳಿದು ಬಂದವರೇ ಎಲ್ಲರೆದುರು ದೇವರ ಸುತ್ತಲಿನ ಗೊಂಚಲುಗಳಿಗೆ ಕೈ ಹಾಕಿದರು.

"ಓ ಅಣ್ಣಾ! ದೇವಾಚೀ ಫುಲಂ ಆಹೇತ್ ತೀ!" ಅವು ದೇವರ ಹೂವು ಎಂದು ಕೂಗಿ, ತಾಲೀಮು ಮಾಡಿ ಹುರಿಗೊಂಡ ಮೈಯ ಒಬ್ಬ ಅವರ ಕೊರಳಪಟ್ಟಿ ಹಿಡಿದ. ಐವತ್ತು ಜನ ಮುತ್ತಿದರು. ಪರವೂರು, ಪರಭಾಷೆ. ಇವತ್ತು ಮಾಮಾ ಅವರನ್ನು ಇವರು ಉಳಿಸುವುದಿಲ್ಲ ಎಂದುಕೊಂಡೆ. ನಾನೆಲ್ಲಿದ್ದೆ? ಕಂಬದ ಹಿಂದೆ.

ಮಾಮಾ ಗೊಂಚಲು ಬಿಡಲಿಲ್ಲ. ಗಡಗಡ ನಡುಗುತ್ತಲೇ ತಮಗೆ ಬಂದಷ್ಟು ಮರಾಠಿಯಲ್ಲಿ ಹೇಳಿದರು, ಇದು ಹೂವಲ್ಲ, ಮೇಲಿನ ಮಹಡಿಯಲ್ಲಿ ನನ್ನ ಹೆಂಡತಿಗೆ ಉಸಿರಾಡಲು ಆಗುತ್ತಿಲ್ಲ, ಬೇಕಾದರೆ ಕಿತ್ತಾದ ಮೇಲೆ ಹೊಡೆಯಿರಿ.

ಕೊರಳಪಟ್ಟಿ ಹಿಡಿದವನು ಕೈಬಿಟ್ಟು, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ತಾನೇ ಹೂ ಕೀಳಲು ಶುರುಮಾಡಿದ. ಹುಡುಗರು ಕೊಡಗಟ್ಟಲೆ ನೀರು ಹೊಯ್ದು ಮಂಟಪ ತೊಳೆದರು.

ಎರಡು ದಿನ ಬಿಟ್ಟು ಅಕ್ಕ ಸಂಜೆಯ ಆರತಿಗೆ ಇಳಿದು ಬಂದಳು. ಎಲ್ಲರ ಜೊತೆ ದನಿಯೆತ್ತಿ ಹಾಡಿದಳು. ಉದ್ದನೆಯ ಸಾಲೊಂದನ್ನು ನಡುವೆ ನಿಲ್ಲಿಸದೆ ಮುಗಿಸಿದಳು. ಜನರೆಲ್ಲ ಗಣಪತಿಯನ್ನು ನೋಡುತ್ತಿದ್ದರು. ಮಾಮಾ ಮಾತ್ರ ಚಪ್ಪಾಳೆ ತಟ್ಟುವುದನ್ನೂ ಮರೆತು, ಅವಳ ಎದೆ ಏರಿ ಇಳಿಯುವುದನ್ನೇ ನೋಡುತ್ತ ನಿಂತಿದ್ದರು.