ಮಾಮ ಬಂದರೆ ನೆಟ್ಟು

“ಅಮ್ಮಾ, ಈ ಮಾಮ ಬಂದ ಕೂಡ್ಲೆ ನೆಟ್ ಬರ್ತಿತ್ತಲ್ಲ, ಇವತ್ತು ಮಾಮಂಗೆ ಏನಾಗಿದೆ?”

ನಾಲ್ಕು ವರ್ಷದ ಪುಟ್ಟಿ ಕೇಳಿದ್ದು ನ್ಯಾಯವಾಗಿಯೇ ಇತ್ತು. ಅವಳಮ್ಮ ಭವ್ಯಾ ಹೊಸನಗರದ ಕಡೆಯ ಒಂದು ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿ. ಶಾಲೆ, ಪಂಚಾಯ್ತಿ, ಗ್ರಂಥಾಲಯಗಳಿಗೆಂದೇ ಎಳೆದ ಬ್ರಾಡ್‌ಬ್ಯಾಂಡಿನ ಡಬ್ಬಿಯಲ್ಲಿ ಬೆಳಿಗ್ಗೆಯಿಂದ ಕೆಂಪು ದೀಪ. ಕಾಲೇಜು ಹುಡುಗಿ ಮೇಘನಾ ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಇವತ್ತು ನಾಲ್ಕಕ್ಕೆ ಗಡುವು, ಈಗ ಮೂರೂವರೆ. ತೀರ್ಥಹಳ್ಳಿಯಿಂದ ಫೋನೂ ಮಾಡದೆ ಬಂದಿಳಿದ ನೆಟ್ ಲೈನು ನೋಡಿಕೊಳ್ಳುವ ತೀರ್ಥೇಶ್, ಅಂದರೆ ಪುಟ್ಟಿಯ ಮಾಮ, ಡಬ್ಬಿ ತಟ್ಟುತ್ತಿದ್ದಾನೆ.

ತೀರ್ಥೇಶ್: ಡಬ್ಬಿ ಸರಿ ಇದೆ ಮೇಡಂ.

ಭವ್ಯಾ: ಯಾವಾಗ್ಲೂ ಇದೇ ಹೇಳ್ತೀರಿ. ನೀವು ಬಂದ್ರೆ ಎದ್ದು ಕೂರುತ್ತೆ, ನಿಮ್ಮ ಬೈಕು ತಿರುವು ದಾಟೋದ್ರೊಳಗೆ ಸಾಯುತ್ತೆ.

ತೀರ್ಥೇಶ್: ಸಾಗರದ ಕಡೆ ಹತ್ತು ಶಾಲೆ ನೋಡ್ಕೊಳ್ತೀನಿ. ಎಲ್ಲೂ ಇಂಥಾ ಕಾಯಿಲೆ ಇಲ್ಲ.

ಭವ್ಯಾ: ಅಂದ್ರೆ ನಾನು ಸುಳ್ಳಿ? ವಾರದ ಸಮೇತ ಡೈರೀಲಿ ಬರ್ದಿದ್ದೀನಿ. ಗಟ್ಟಿಯಾಗಿ ಓದಿ, ಮೇಘನಾನೂ ಕೇಳ್ಲಿ.

ಗೆದ್ದೇ ಬಿಟ್ಟೆನೆಂಬ ಗತ್ತಿನಲ್ಲಿ ಡೈರಿಯನ್ನು ಮುಂದೆ ತಳ್ಳಿದಳು.

ತೀರ್ಥೇಶ್ (ಓದುತ್ತಾ): ‘ಸೋಮವಾರ. ಪುಟ್ಟಿ ಕೆಸರಲ್ಲಿ ಹೊರಳಿದಳು. ಬಟ್ಟೆ ಒಗೆದು ಹಿಂದಿನ ಜಗುಲಿಯಲ್ಲಿ ಹರವಿದೆ. ನೆಟ್ ಇಲ್ಲ. ಮಂಗಳವಾರ. ಬಟ್ಟೆ ಒಣಗಿಲ್ಲ. ನೆಟ್ಟೂ ಇಲ್ಲ. ಬುಧವಾರ. ತೀರ್ಥೇಶ್ ಫೋನು ಮಾಡಿದ್ದರು, ಬರುತ್ತಾರಂತೆ. ನೋಡಿದರೆ ಮರ್ಯಾದೆ ಹೋಗುತ್ತದೆಂದು ಬಟ್ಟೆ ತೆಗೆದೆ. ನೆಟ್ ಬಂತು.’

ಭವ್ಯಾ: ಕೇಳಿದ್ರಾ?

ತೀರ್ಥೇಶ್: ಕೇಳ್ದೆ. ಬಟ್ಟೆ ಯಾವುದರ ಮೇಲೆ ಹರವ್ತೀರಿ?

ಭವ್ಯಾ: ಯಾರೋ ಪುಣ್ಯಾತ್ಮರು ಕಟ್ಟಿದ ಕರಿ ತಂತಿ ಇದೆ. ಒದ್ದೆ ದುಪ್ಪಟಿ ಹಾಕಿದ್ರೂ ಹರಿಯಲ್ಲ.

ತೀರ್ಥೇಶ್: ಆ ಪುಣ್ಯಾತ್ಮ ನಾನೇ ಮೇಡಂ.

ಇಬ್ಬರೂ ಹಿಂದಕ್ಕೆ ಓಡಿದರು. ಎರಡು ಫ್ರಾಕು, ನಾಲ್ಕು ಚಡ್ಡಿ, ಒಂದು ದುಪ್ಪಟಿ ಹೊತ್ತ ತಂತಿ ಕಿಟಕಿಯ ಅಂಚಿನಲ್ಲಿ ಮುರಿದಂತೆ ಮಡಚಿಕೊಂಡಿತ್ತು.

ತೀರ್ಥೇಶ್: ನಿಮ್ಮ ನೆಟ್ ಬರೋದೇ ಈ ತಂತೀಲಿ. ಇದರೊಳಗೆ ಗಾಜಿನ ಎಳೆ, ಎಳೆಯೊಳಗೆ ಬೆಳಕು ಓಡುತ್ತೆ. ಹಿಂಗೆ ಮಡಚಿದ್ರೆ ಅಲ್ಲಿಗೇ ನಿಲ್ಲುತ್ತೆ.

ಭವ್ಯಾ ಎಲ್ಲವನ್ನೂ ಬಾಚಿ ಸೊಂಟಕ್ಕೆ ಒತ್ತಿಕೊಂಡಳು. ತೀರ್ಥೇಶ್ ತಂತಿಯ ಮಡಿಕೆ ಬಿಡಿಸಿದ. ಒಳಗಿನಿಂದ ಮೇಘನಾ ಕೂಗಿದಳು: “ಅಕ್ಕಾ, ಹಸಿರು ಬಂತು. ಅರ್ಜಿ ಹೋಯ್ತು!”

ಭವ್ಯಾಳಿಗೆ ಸಮಾಧಾನವಾಯಿತು. ಅದರ ಬೆನ್ನಿಗೇ ತೀರ್ಥೇಶನ ಮೇಲೆ ತಾನು ಆಫೀಸಿಗೆ ಕಳಿಸಿದ್ದ ಮೂರು ದೂರುಗಳು ನೆನಪಾದವು. ಮೂರನೆಯದರಲ್ಲಿ ‘ಬೇಜವಾಬ್ದಾರಿ’ ಎಂಬ ಮಾತಿಗೆ ಅಡಿಗೆರೆ ಬೇರೆ ಎಳೆದಿದ್ದಳು.

ಭವ್ಯಾ: ಅಣ್ಣಾ, ರಿಪೋರ್ಟಲ್ಲಿ ಕಾರಣ ಏನಂತ ಬರೀತೀರಿ? ಮೇಲಿನೋರಿಗೆ ಗೊತ್ತಾದ್ರೆ ನನ್ನ ಕೆಲಸ…

ತೀರ್ಥೇಶ್: ನಿಮ್ಮ ಹೆಸರು ಬರೆಯಲ್ಲ. ಕಾರಣ ಸಿಗದೆ ಹಿಂದೆ ಬರ್ದಿದ್ದನ್ನೇ ಬರೀತೀನಿ.

ಭವ್ಯಾ: ಹಿಂದೆ ಏನು ಬರ್ದಿದ್ರಿ?

ತೀರ್ಥೇಶ್: ‘ಮಂಗ ತಂತಿಗೆ ಜೋತಾಡಿದೆ.’

ಭವ್ಯಾ: ಸದ್ಯ, ಬದುಕಿಸಿದ್ರಿ.

ತೀರ್ಥೇಶ್: ಆದ್ರೆ ಮೂರು ಸಲ ಅದನ್ನೇ ಬರ್ದಿದ್ದಕ್ಕೆ ಆಫೀಸಿನೋರು ನಂಬ್ತಿಲ್ಲ. ಈ ಸಲ ಮಂಗನ ಫೋಟೊ ಬೇಕಂತೆ.

ಅವನು ಜೇಬಿನಿಂದ ಫೋನು ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ತೀರ್ಥೇಶ್: ಒಂದು ಉಪಕಾರ ಮಾಡಿ ಮೇಡಂ. ಆ ತಂತಿ ಹಿಡ್ಕೊಂಡು ಒಂಚೂರು ಹಂಗೇ ನಿಂತ್ಕೊಳ್ಳಿ.