ಎಮ್ಮೆಯ ಬಾನಿಯಿಂದ ನಮ್ಮ ನಲ್ಲಿಗೆ

ನಮ್ಮ ದೊಡ್ಡಮ್ಮ ದೇವರನ್ನು ನಂಬುತ್ತಿದ್ದಳು. ತೀರ್ಥವನ್ನು ಮಾತ್ರ ಮೂಸಿ ನೋಡಿಯೇ ಕುಡಿಯುತ್ತಿದ್ದಳು! ಪೂಜಾರಿ ಕಣ್ಣು ಕೆಕ್ಕರಿಸಿದರೆ, "ದೇವ್ರ ಮ್ಯಾಲೆ ಅನುಮಾನ ಇಲ್ರೀ, ನಿಮ್ಮ ತಂಬಿಗೆ ಮ್ಯಾಲೆ" ಎನ್ನುವಳು.

ಆಕೆ ಜಗಳೂರು ಕಡೆಯವಳು. ದೊಡ್ಡಪ್ಪ ತೀರಿಕೊಂಡ ಮೇಲೆ ಹೊನ್ನಾಳಿಯ ನಮ್ಮ ಮನೆಯಲ್ಲೇ ಇದ್ದಳು. ಯುದ್ಧದ ವರ್ಷಗಳು. ಸಕ್ಕರೆ, ಸೀಮೆಎಣ್ಣೆ ಎಲ್ಲ ಮಾಯವಾಗುತ್ತಿದ್ದ ಕಾಲದಲ್ಲಿ ನಮ್ಮ ಓಣಿಗೆ ನಲ್ಲಿ ಬಂತು! ಎಲ್ಲರೂ ನಲ್ಲಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ದೊಡ್ಡಮ್ಮ ದೂರವೇ ನಿಂತು, "ಕರೀದೆ ಬರೋ ನೆಂಟನ್ನ, ಸೇದದೆ ಬರೋ ನೀರನ್ನ ನಂಬಬ್ಯಾಡ್ರಿ" ಎಂದಳು.

ನೀರು ಬೆಳಿಗ್ಗೆ ಎರಡು ತಾಸು ಬಂದು ನಿಲ್ಲುತ್ತಿತ್ತು. ನಿಲ್ಲುವಾಗ ನಲ್ಲಿ ಗೊರಗೊರ ಎನ್ನುತ್ತಿತ್ತಲ್ಲ, ಆ ಸದ್ದು ಆಕೆಯ ನೆಮ್ಮದಿ ಕೆಡಿಸಿತು.

"ಕೇಳ್ರಿ, ಇದು ಒಳಗೆ ಉಸಿರು ಎಳೀತೈತೆ. ಉಸಿರು ಎಳೆಯೋದು ನೀರು ಎಳೆಯಾಕಿಲ್ಲೇನು?"

ಅಪ್ಪ ನಕ್ಕರು. "ಅತ್ತಿಗೆ, ತುಂಗಭದ್ರೆ ಎಂದಾರ ಹಿಂದಕ್ಕೆ ಹರಿದಾಳೇನು?"

"ಹೊಳಿಗೆ ಮಾನ ಮರ್ಯಾದೆ ಐತೆ. ಕೊಳವೆಗೆ ಏನೈತಪ್ಪ?"

ಅಷ್ಟರಲ್ಲಿ ನನ್ನ ಆರು ವರ್ಷದ ತಂಗಿಗೆ ಭೇದಿ ಹತ್ತಿತು. ಮೂರೇ ದಿನಕ್ಕೆ ಹುಡುಗಿ ಕಡ್ಡಿಯಾದಳು. ನೀರು ಕಾಯಿಸಿ ಕೊಡಿ ಎಂದು ಡಾಕ್ಟರು ಹೇಳಿ ಹೋದರು. ದೊಡ್ಡಮ್ಮನಿಗೆ ಅಷ್ಟು ಸಾಕಾಯಿತು. ಹೆಪ್ಪು ಕೇಳುವ ನೆವದಲ್ಲಿ ಓಣಿಯ ಮನೆಮನೆಗೂ ಹೋಗಿ ಹಿತ್ತಲು ಇಣುಕಿದಳು. ವಾರದೊಳಗೆ ನಮ್ಮ ಮನೆಯಲ್ಲಿ ಹಾಲಿಗಿಂತ ಹೆಪ್ಪೇ ಹೆಚ್ಚಾಯಿತು!

ಕಡೆಗೆ ಕಳ್ಳ ಸಿಕ್ಕ. ಓಣಿಯ ಏರಿನಲ್ಲಿದ್ದ ಜವಳಿ ಅಂಗಡಿಯವರ ಹಿತ್ತಲಲ್ಲಿ, ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪಿನ ತುದಿ ಎಮ್ಮೆ ನೀರು ಕುಡಿಯುವ ಕಲ್ಲುಬಾನಿಯಲ್ಲಿ ಮುಳುಗಿ ಬಿದ್ದಿತ್ತು. ನಲ್ಲಿ ಮುಚ್ಚುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಮನೆಯೋ ಇಳಿಜಾರಿನ ಕೊನೆಯಲ್ಲಿ!

ಮರುದಿನ ನೀರು ನಿಂತ ಹೊತ್ತಿಗೆ ದೊಡ್ಡಮ್ಮ ಮತ್ತೆ ಹೆಪ್ಪಿಗೆ ಹೋದಳು. ಬಟ್ಟೆಗೆ ಹಾಕುವ ನೀಲಿಯ ಇಡೀ ಪೊಟ್ಟಣವನ್ನು ಬಾನಿಗೆ ಸುರಿದು ಬಂದಳು. ಯಾರಿಗೂ ಒಂದು ಮಾತು ಹೇಳಲಿಲ್ಲ.

ಅಪ್ಪ ಆಗ ಕ್ಷೌರ ಮುಗಿಸಿದ್ದರು. ಮುಖದ ತುಂಬ ಸೋಪು, ಕಣ್ಣು ಮುಚ್ಚಿತ್ತು. ಕೊಳವೆಯಲ್ಲಿ ಉಳಿದ ನೀರಾದರೂ ಬಂದೀತೆಂದು ನಲ್ಲಿ ತಿರುಗಿಸಿದರು. ಬಂತು! ಮುಖ ತೊಳೆದು, ಬಿಳಿ ಟವೆಲಿನಿಂದ ಒರೆಸಿ, ಠೀವಿಯಿಂದ ಒಳಗೆ ಬಂದರು. ಅವ್ವ ಕಿಟಾರನೆ ಕಿರುಚಿದಳು. ಎದುರಿಗೆ ಬಯಲಾಟದ ಕೃಷ್ಣ ನಿಂತಿದ್ದ, ಕಿರೀಟವೊಂದಿಲ್ಲ!

ಅಷ್ಟರಲ್ಲಿ ಜವಳಿ ಅಂಗಡಿಯವರು ಕೂಗಾಡುತ್ತ ಬಂದರು. "ಏನಮ್ಮಾ, ಬಾನಿಗೆ ಏನು ಹಾಕೀರಿ? ನಮ್ಮ ಎಮ್ಮೆ ಮೂತಿ ನೀಲಿ ಆಗೈತೆ!"

ದೊಡ್ಡಮ್ಮ ಅಪ್ಪನ ಕಡೆ ಬೆರಳು ತೋರಿಸಿದಳು.

"ನೋಡ್ರಿ, ನಿಮ್ಮ ಎಮ್ಮೆಗೂ ನಮ್ಮ ಮೈದುನಗೂ ಒಂದೇ ಬಣ್ಣ. ಇಬ್ಬರೂ ಒಂದೇ ಬಾನಿ ನೀರು ಕುಡಿಯಾಕೆ ಹತ್ತಿ ಎಷ್ಟು ದಿನ ಆತೋ!"

ಅಂಗಡಿಯವರು ಒಳಗೆ ಚಾಪೆಯ ಮೇಲೆ ಮಲಗಿದ್ದ ತಂಗಿಯನ್ನು ಕಂಡು ತಲೆ ತಗ್ಗಿಸಿದರು. ತಾವೇ ಹೋಗಿ ನಲ್ಲಿ ರಿಪೇರಿಯ ಸಾಬರನ್ನು ಕರೆತಂದರು.

ಸಾಬರು ಬಾನಿ ನೋಡಿ ಹೇಳಿದರು: "ಅಮ್ಮಾ ಹೇಳೋದು ಖರೇ ಐತೆ. ನೀರು ನಿಂತಾಗ ತಗ್ಗಿನ ಮನೆ ನಲ್ಲಿ ಬಿಟ್ರೆ, ಈ ಪೈಪು ಬಾನಿ ನೀರು ಎಳಕೊಂತೈತೆ. ಪೈಪಿನ ಬಾಯಿ ನೀರಿಗೆ ಮುಟ್ಟಬಾರದು. ಒಂದು ಗೇಣು ಮ್ಯಾಲಿರಬೇಕು, ಅಷ್ಟೇ."

"ನಿಮ್ಮ ಗೇಣೋ, ನನ್ನ ಗೇಣೋ?" ಎಂದು ದೊಡ್ಡಮ್ಮ ಅನುಮಾನಿಸಿದಳು. ಸಾಬರು ಪೈಪು ಕತ್ತರಿಸಿದ ಮೇಲೆ ತಾನೇ ಗೇಣು ಹಾಕಿ ನೋಡಿದಳು. ಆಮೇಲೆ ಓಣಿಯ ಒಂದು ಮನೆಯನ್ನೂ ಬಿಡಲಿಲ್ಲ. ಆಕೆ ಬರುವುದು ಕಂಡರೆ ಹೆಂಗಸರು ಮೊದಲು ಪೈಪು ಎತ್ತಿ, ಆಮೇಲೆ ಬಾಗಿಲು ತೆಗೆಯುತ್ತಿದ್ದರು!

ತಂಗಿ ಮೆಲ್ಲಗೆ ಚೇತರಿಸಿಕೊಂಡಳು. ಆ ದಿನಗಳಲ್ಲೇ ಒಂದು ಮಧ್ಯಾಹ್ನ ನಾನು ಅಡಿಗೆಮನೆಗೆ ಹೋದೆ. ಕಾಯಿಸಿ ಆರಿಸಿದ ನೀರನ್ನು ದೊಡ್ಡಮ್ಮ ಲೋಟಕ್ಕೆ ಬಗ್ಗಿಸಿ, ಎತ್ತಿ ತಾನು ಒಂದು ಗುಟುಕು ಕುಡಿದಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತ ಕುಳಿತಳು.

"ಇದನ್ನೂ ನಂಬಾಕಿಲ್ಲೇನು, ದೊಡ್ಡಮ್ಮ? ನೀನೇ ಕಾಯಿಸಿದ್ದಲ್ಲ?" ಎಂದು ನಕ್ಕೆ.

ಆಕೆ ನಗಲಿಲ್ಲ. "ನಂದೂ ಕೈ ತಪ್ಪಬಹುದಲ್ಲವ್ವ. ಏನಾರ ಇದ್ರೆ ಮೊದಲು ನನಗೇ ಬರಲಿ."

ಒಳಗಿನಿಂದ ತಂಗಿ ನೀರು ಕೇಳಿದಳು. "ಬಂದೆ ಕೂಸೇ, ಇನ್ನೊಂದು ಚಣ" ಎಂದು ದೊಡ್ಡಮ್ಮ ಕೂತಲ್ಲಿಂದಲೇ ಹೇಳಿದಳು.