ಬರೀ ಬೀದಿ ಧೂಳು

ಗಂಡನ ಶವಸಂಸ್ಕಾರ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಅವಳು ಹಾಲು ಕಾಯಿಸುವುದಕ್ಕೂ ಮೊದಲು ತಾರಸಿಗೆ ಹೋದಳು. ಅವನು ಅಲ್ಲಿಟ್ಟಿದ್ದ ಯಂತ್ರ, ಯಾರು ಸತ್ತರೆ ತನಗೇನು ಎಂಬಂತೆ ಗಾಳಿ ಹೀರುತ್ತಲೇ ಇತ್ತು. ಒಳಗೆ ಗಾಳಿ ಸೋಸುವ ಬಿಲ್ಲೆಯ ಮೇಲೆ ಬೂದು ಧೂಳು ಕೂತಿತ್ತು. ಧೂಳಿನ ಕಣಗಳ ಮೈಗೆ ಯಾವ ಹೊಗೆ, ಯಾವ ಎಣ್ಣೆ ಅಂಟಿದೆ ಎಂದು ಪತ್ತೆಹಚ್ಚುವುದು ಗಂಡನ ಕೆಲಸವಾಗಿತ್ತು. ಈ ಊರಿನ ಧೂಳಿನ ಮೇಲೆ ಅದುವರೆಗೆ ಯಾರೂ ಕಾಣದ ಒಂದು ತೆಳುಪದರ ಅವನಿಗೆ ಸಿಕ್ಕಿತ್ತು. ಈ ಕೊನೆಯ ಬಿಲ್ಲೆಯಲ್ಲೂ ಅದು ಕಂಡರೆ ಅವನ ಪ್ರಬಂಧ ಅಚ್ಚಾಗುತ್ತಿತ್ತು. ಒಂದು ಬೆರಳು ತಾಗಿದರೂ ಎಲ್ಲ ಕೆಟ್ಟಂತೆ.

ಕೈಗವಸು ತೊಟ್ಟು, ಬಿಲ್ಲೆಯನ್ನು ಚಿಮಟದಲ್ಲಿ ಎತ್ತಿ ಗಾಜಿನ ಡಬ್ಬಿಯಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದಳು. ಡಬ್ಬಿಯೊಳಗಿನ ಬೂದುಬಣ್ಣ ಕಂಡದ್ದೇ ಮೆಟ್ಟಿಲ ಬುಡದಲ್ಲಿ ನಿಂತಿದ್ದ ಬಾಡಿಗೆ ಮನೆಯೊಡತಿಯ ಕಣ್ಣು ತುಂಬಿತು, ಕೈ ಮುಂದೆ ಬಂತು.

"ಮುಟ್ಬೇಡಿ ಆಂಟಿ, ಇದು ಬರೀ ಬೀದಿ ಧೂಳು."

"ಎಂಥಾ ಮಾತಮ್ಮಾ ಅದು. ಎಷ್ಟಾದ್ರೂ ಕಟ್ಕೊಂಡ ಗಂಡ."

ಕೆಳಮನೆಯ ದರ್ಜಿ ಕೊರಳಿನ ಟೇಪನ್ನೂ ತೆಗೆಯದೆ, ಇಂಥ ಹೊತ್ತಿನಲ್ಲಿ ಒಬ್ಬಳೇ ಹೋಗಬಾರದೆಂದು ಜೊತೆಗೆ ಹೊರಟ. ಬಸ್ಸಿನಲ್ಲಿ ಕಂಡಕ್ಟರನ ಕಿವಿಯಲ್ಲಿ ಏನೋ ಉಸುರಿದ. ಕಂಡಕ್ಟರ್ ಇಡೀ ಬಸ್ಸಿಗೆ ಉಸುರಿದ. ಒಬ್ಬರು ಎದ್ದು ಜಾಗ ಬಿಟ್ಟರು, ಅವಳಿಗಲ್ಲ, ಡಬ್ಬಿಗೆ. ಮುಚ್ಚಳ ಸ್ವಲ್ಪ ತೆಗೆದರೆ ಕಡೆಯ ಸಲ ನೋಡಿಬಿಡುತ್ತೇನೆ ಎಂದು ಗುರುತು ಪರಿಚಯವಿಲ್ಲದ ಮುದುಕರೊಬ್ಬರು ಹಟ ಹಿಡಿದರು. ಅವಳು ಹದ್ದುಗಳ ನಡುವೆ ಮರಿ ಕಾಯುವ ಕೋಳಿಯಂತೆ ಡಬ್ಬಿಯನ್ನು ಸೆರಗಿನಲ್ಲಿ ಅಡಗಿಸಿಕೊಂಡಳು.

ಪ್ರಯೋಗಾಲಯದ ಬಾಗಿಲಲ್ಲಿ ದರ್ಜಿ ಮೆಲ್ಲಗೆ ಕೇಳಿದ, "ಇಲ್ಯಾಕಮ್ಮಾ?"

"ಪರೀಕ್ಷೆಗೆ."

"ಇನ್ನೂ ಪರೀಕ್ಷೇನಾ? ಈಗಲಾದ್ರೂ ಅವರನ್ನ ಬಿಟ್ಬಿಡಬಾರ್ದಾ?"

ಗಂಡನ ಸಹೋದ್ಯೋಗಿ ಬಿಲ್ಲೆಯನ್ನು ಒಳಗೆ ಒಯ್ದವನು ಮುಖ ಇಳಿಬಿಟ್ಟುಕೊಂಡು ಹೊರಬಂದ.

"ಯಾರೂ ಮುಟ್ಟಿಲ್ಲ," ಎಂದಳು ಅವಳು, ಕೇಳುವ ಮೊದಲೇ.

"ಗೊತ್ತಾಗತ್ತೆ ಅಕ್ಕಾ, ಅಷ್ಟು ಚೊಕ್ಕವಾಗಿದೆ. ಆದ್ರೆ ಆ ಪದರಾನೇ ಇಲ್ಲ. ಎಲ್ಲಿ ಹೋಯ್ತೋ."

ಪ್ರಬಂಧದ ಕತೆ ಅಲ್ಲಿಗೆ ಮುಗಿಯಿತು. ಸಹೋದ್ಯೋಗಿ ಒಳಗೆ ಹೋಗಿ ಗಂಡನ ಬಿಳಿ ಕೋಟನ್ನು ತಂದುಕೊಟ್ಟ. ಮಡಿಸುವಾಗ ಜೇಬಿನಲ್ಲಿ ಏನೋ ಗಟ್ಟಿಯಾಗಿ ತಾಗಿತು. ತಲೆನೋವಿನ ಮುಲಾಮಿನ ಪುಟ್ಟ ಡಬ್ಬಿ. ಮುಚ್ಚಳ ಸಡಿಲವೆಂದು ಯಾರೋ ಹೊಲಿಗೆಯ ಕೆಂಪು ದಾರ ಸುತ್ತಿದ್ದರು. ಅವಳು ಮೂಸಿ ನೋಡಿದಳು. ಕೆಲಸದ ನಡುವೆ ಎರಡು ಬೆರಳಲ್ಲಿ ಹಣೆ ತಿಕ್ಕಿಕೊಂಡು, ಅದೇ ಬೆರಳಲ್ಲಿ ಬಿಲ್ಲೆ ಎತ್ತುವ ಗಂಡ ಕಣ್ಣೆದುರು ನಿಂತ. ಇಷ್ಟು ದಿನದಲ್ಲಿ ಮೊದಲ ಸಲ ಅವಳಿಗೆ ನಗು ಬಂತು.

"ಆ ಪದರ ಗಾಳೀದಲ್ಲ," ಎಂದಳು. "ಅವರ ಹಣೇದು."

ಹೊರಗೆ ಬೆಂಚಿನ ಮೇಲೆ ಕಾದಿದ್ದ ದರ್ಜಿಯ ಕೈಗೆ ಮುಲಾಮಿನ ಡಬ್ಬಿ ಕೊಟ್ಟಳು. ಅವನು ದಾರ ಬಿಚ್ಚಿ ಒಳಗೆ ಇಣುಕಿದ.

"ಒಂದೇ ಸಲ ಹಚ್ಕೊಂಡು ಕೊಡ್ತೀನಿ ಅಂದಿದ್ರು. ಪೂರ್ತಿ ಖಾಲಿ ಆಗಿದೆಯಲ್ಲಮ್ಮಾ."

"ಹೌದು," ಎಂದಳು ಅವಳು. "ಊರಿಗೆಲ್ಲಾ ಹಚ್ಚಿದ್ರು."